ಸುಲಭದ ಸಿಹಿಯ ಹಿಂದಿನ ಕೈಗಳು

ನಮ್ಮ ಸಂಘದ ಯಾವ ಕುಟುಂಬ ಕೂಟಕ್ಕೆ ಹೋದರೂ ಊಟದ ಸಾಲಿನ ಕೊನೆಯಲ್ಲಿ ಒಂದು ಗಾಜಿನ ಟ್ರೇ ಇದ್ದೇ ಇರುತ್ತದೆ. ಕೆಳಗೆ ಡಬ್ಬಿಯಿಂದ ಸುರಿದ ಪೀಚ್ ಅಥವಾ ಏಪ್ರಿಕಾಟ್ ಹಣ್ಣು, ಮೇಲೆ ಓವನ್‌ನಲ್ಲಿ ಕೆಂಪಾಗಿ ಗರಿಗರಿಯಾದ ಹಿಟ್ಟಿನ ಪದರ. ಚೆನ್ನಾಗಿದೆ ಎಂದು ಹೊಗಳಿದರೆ ಮಾಡಿದವರು ಸಂಕೋಚದಿಂದ, "ಅಯ್ಯೋ, ಇದರಲ್ಲೇನಿದೆ? ಎಲ್ಲ ಸುರಿದು ಓವನ್‌ಗೆ ಇಟ್ಟೆ ಅಷ್ಟೇ" ಅನ್ನುತ್ತಾರೆ. ಹೋಳಿಗೆಗೆ ಅರ್ಧ ದಿನ ಹೂರಣ ರುಬ್ಬಿದ ತಾಯಂದಿರ ಮಕ್ಕಳಾದ ನಮಗೆ, ಶ್ರಮವಿಲ್ಲದ ಸಿಹಿ ಎಂದರೆ ಏನೋ ಕಳ್ಳದಾರಿ ಹಿಡಿದ ಹಾಗೆ.

ನಾನು ಡಿಪ್ಲೊಮಾ ಓದಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವನು. ರೋಗಿ ಒಂದು ಗುಟುಕು ನೀರಿನೊಂದಿಗೆ ನುಂಗುವ ಮಾತ್ರೆಯ ಹಿಂದೆ ಎಷ್ಟು ಜನರ ಎಷ್ಟು ವರ್ಷದ ಕೆಲಸ ಇರುತ್ತದೆ ಎಂಬುದು ನಮಗೆ ಗೊತ್ತು. ಈ ಸಿಹಿಯ ಕಥೆಯೂ ಹಾಗೆಯೇ. ಅಡುಗೆಮನೆಯಲ್ಲಿ ಉಳಿದ ಶ್ರಮ ಎಲ್ಲಿಯೂ ಮಾಯವಾಗಿಲ್ಲ; ಬೇರೆಯವರು ಬೇರೆ ಕಡೆ ಅದನ್ನು ಮೊದಲೇ ಮಾಡಿಟ್ಟಿದ್ದಾರೆ. ಆ ಬೇರೆ ಕಡೆಗಳಲ್ಲಿ ಒಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಹೋಸೆ ನಗರದ ಎವರ್‌ಗ್ರೀನ್.

ನನ್ನ ತಂಗಿಯ ಸಂಸಾರ ಎವರ್‌ಗ್ರೀನ್‌ನಲ್ಲಿದೆ. ನಗರದ ಆಗ್ನೇಯಕ್ಕೆ, ಪೂರ್ವದ ಬೆಟ್ಟಸಾಲಿನ ಬುಡದಲ್ಲಿರುವ ಬಡಾವಣೆ ಅದು. ಎವರ್‌ಗ್ರೀನ್ ವ್ಯಾಲಿ ಕಾಲೇಜು, ಬೆಟ್ಟದ ಮೇಲಿನ ದೊಡ್ಡ ಗುರುದ್ವಾರ, ಸಾಲುಸಾಲಾಗಿ ಒಂದೇ ತರಹದ ಮನೆಗಳು. ಬೀದಿಯಲ್ಲಿ ವಿಯೆಟ್ನಾಮಿ, ಪಂಜಾಬಿ, ತೆಲುಗು, ಕನ್ನಡ ಎಲ್ಲವೂ ಕೇಳಿಸುತ್ತವೆ. 2014ರ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇದೇ ಸ್ಯಾನ್ ಹೋಸೆಯಲ್ಲಿ. ಇಂದು ಸಿಲಿಕಾನ್ ವ್ಯಾಲಿ ಎಂದು ನಾವು ಕರೆಯುವ ಈ ಸಾಂಟಾ ಕ್ಲಾರಾ ಕಣಿವೆಗೆ ಕಂಪ್ಯೂಟರ್ ಬರುವ ಮೊದಲು 'ಹೃದಯಾನಂದದ ಕಣಿವೆ' ಎಂಬ ಅರ್ಥದ ಹೆಸರಿತ್ತು. ಫೆಬ್ರವರಿ, ಮಾರ್ಚ್ ಬಂತೆಂದರೆ ಕಣಿವೆಗೆ ಕಣಿವೆಯೇ ಹೂವಿನಿಂದ ಬೆಳ್ಳಗಾಗುತ್ತಿತ್ತು. ಪ್ರೂನ್, ಏಪ್ರಿಕಾಟ್, ಚೆರ್ರಿ, ಪೇರ್, ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದವು.

ಇದಕ್ಕೆ ನಾಂದಿ ಹಾಡಿದವರಲ್ಲಿ ಫ್ರಾನ್ಸಿನಿಂದ ಬಂದ ಪೆಲಿಯೆ ಸಹೋದರರು ಮುಖ್ಯರು. ಚಿನ್ನ ಹುಡುಕುವ ಭರಾಟೆಯ ಕಾಲದಲ್ಲಿ ಬಂದ ಲೂಯಿ ಪೆಲಿಯೆ 1850ರಲ್ಲಿ ಸ್ಯಾನ್ ಹೋಸೆಯಲ್ಲಿ ಸಸಿಗಳ ನರ್ಸರಿ ತೆರೆದ. ಅವನ ತಮ್ಮ ಪಿಯೆರ್ 1856ರಲ್ಲಿ ಊರಿನಿಂದ ಪ್ರೂನ್ ಗಿಡದ ಕಡ್ಡಿಗಳನ್ನು ತಂದ. ತಿಂಗಳುಗಟ್ಟಲೆ ಹಡಗಿನಲ್ಲಿ ಕಡ್ಡಿ ಒಣಗಬಾರದೆಂದು ಆಲೂಗಡ್ಡೆಗೆ ಚುಚ್ಚಿ, ಮರದ ಹೊಟ್ಟಿನಲ್ಲಿ ಹೂತು ತಂದನೆಂದು ಹೇಳುತ್ತಾರೆ. ಪಿಯೆರ್ ಎವರ್‌ಗ್ರೀನ್ ಕಡೆ ದ್ರಾಕ್ಷಿ ತೋಟ ಮಾಡಿದ. ಅವನ ಮಗಳು ಮಿರಾಸೂ ಮನೆತನಕ್ಕೆ ಸೊಸೆಯಾದಳು. ಆ ಕುಟುಂಬದ ವೈನ್ ತಯಾರಿಕೆ ಆಬೋರ್ನ್ ರಸ್ತೆಯಲ್ಲಿ ಬಹುಕಾಲ ನಡೆದಿತ್ತು. ಆ ಪ್ರೂನ್ ಅಂದರೆ ನಮ್ಮ ಕಡೆಯ ಒಣ ಆಲೂಬುಖಾರದ ಜಾತಿ. ಮಲಬದ್ಧತೆಗೆ ವಾರ್ಡಿನಲ್ಲಿ ಇಂದಿಗೂ ಅದನ್ನು ಕೊಡುತ್ತಾರೆ. ಅದರಲ್ಲಿರುವ ಸಾರ್ಬಿಟಾಲ್ ಎಂಬ ಅಂಶ ಕರುಳಿಗೆ ನೀರನ್ನು ಎಳೆದುಕೊಳ್ಳುತ್ತದೆ. ಅದೇ ಸಾರ್ಬಿಟಾಲ್ ನಮ್ಮ ಸಕ್ಕರೆರಹಿತ ಸಿರಪ್ ಬಾಟಲಿಗಳಲ್ಲೂ ಇದೆ.

ಏಪ್ರಿಕಾಟ್ ಗಲ್ಫಿನವರಿಗೆ ಹೊಸದೇನಲ್ಲ. ಇಲ್ಲಿ ಮಿಶ್‌ಮಿಶ್ ಅನ್ನುತ್ತಾರೆ. ರಂಜಾನ್ ತಿಂಗಳಲ್ಲಿ ಅಂಗಡಿಗೆ ಬರುವ, ಹಾಳೆಯಂತೆ ಮಡಚಿದ ಖಮರುದ್ದೀನ್ ಇದೇ ಹಣ್ಣಿನದು. ಎವರ್‌ಗ್ರೀನ್ ಸುತ್ತಮುತ್ತ ಅದನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಮರದ ಟ್ರೇಗಳಲ್ಲಿ ಬಾಯಿ ಮೇಲಾಗಿ ಜೋಡಿಸಿ, ಗಂಧಕದ ಹೊಗೆ ಕೊಟ್ಟು ಬಿಸಿಲಿಗೆ ಇಡುತ್ತಿದ್ದರು. ಹಣ್ಣು ಕಪ್ಪಾಗದೆ ಕೇಸರಿ ಬಣ್ಣದಲ್ಲೇ ಉಳಿಯುವುದು ಆ ಹೊಗೆಯಿಂದ. ಕೊಯ್ಯುವ ಕೆಲಸ ಹೆಂಗಸರದು ಮತ್ತು ಮಕ್ಕಳದು. ಶಾಲೆಯ ರಜೆ ಬಂತೆಂದರೆ ಮಕ್ಕಳು ಚಾಕು ಹಿಡಿದು ಕೂರುತ್ತಿದ್ದರು. ಕೂಲಿ ಗಂಟೆಗಲ್ಲ, ಕೊಯ್ದ ಹಣ್ಣಿನ ಲೆಕ್ಕಕ್ಕೆ.

ಹಣ್ಣನ್ನು ಗಾಳಿಯಾಡದಂತೆ ಮುಚ್ಚಿ ಕುದಿಸಿದರೆ ಕೆಡುವುದಿಲ್ಲ ಎಂದು ತೋರಿಸಿಕೊಟ್ಟವನು ಫ್ರಾನ್ಸಿನ ಮಿಠಾಯಿ ತಯಾರಕ ನಿಕೊಲಾ ಅಪೆರ್. 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದು ತನ್ನ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದ. ಅವನು ಬಳಸಿದ್ದು ಗಾಜಿನ ಸೀಸೆ. ತವರದ ಡಬ್ಬಿಗೆ ಪೇಟೆಂಟ್ ಸಿಕ್ಕಿದ್ದು ಅದೇ ವರ್ಷ ಇಂಗ್ಲೆಂಡಿನಲ್ಲಿ. ಸೂಕ್ಷ್ಮಾಣುಗಳೇ ಕಾರಣ ಎಂದು ಲೂಯಿ ಪಾಶ್ಚರ್ ವಿವರಿಸಿದ್ದು ಅರ್ಧ ಶತಮಾನದ ನಂತರ. ಕಾರಣ ತಿಳಿಯುವ ಮೊದಲೇ ಕೈಗೆ ಉಪಾಯ ತಿಳಿದಿತ್ತು. ನಮ್ಮ ಅಜ್ಜಿಯಂದಿರ ಉಪ್ಪಿನಕಾಯಿ ಭರಣಿಯ ಹಾಗೆ.

ಸ್ಯಾನ್ ಹೋಸೆಗೆ ಈ ವಿದ್ಯೆ ತಂದದ್ದು ಒಬ್ಬ ವೈದ್ಯ. 1871ರಲ್ಲಿ ಡಾಕ್ಟರ್ ಜೇಮ್ಸ್ ಡಾಸನ್ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ, ಅಡುಗೆ ಒಲೆಯ ಮೇಲೆ ಹಣ್ಣು ಕುದಿಸಿ ಡಬ್ಬಿಗೆ ತುಂಬಿದ. ಕೆಲವೇ ದಶಕಗಳಲ್ಲಿ ಈ ಕಣಿವೆ ಜಗತ್ತಿನ ಅತಿ ದೊಡ್ಡ ಹಣ್ಣು ಸಂಸ್ಕರಣೆಯ ಪ್ರದೇಶಗಳಲ್ಲಿ ಒಂದಾಯಿತು. 1916ರಲ್ಲಿ ಹಲವು ಕಂಪನಿಗಳು ಸೇರಿ ಕ್ಯಾಲಿಫೋರ್ನಿಯಾ ಪ್ಯಾಕಿಂಗ್ ಕಾರ್ಪೊರೇಷನ್ ಆಯಿತು. ಅದರ ಡಬ್ಬಿಯ ಮೇಲಿದ್ದ ಹೆಸರು ಡೆಲ್ ಮಾಂಟೆ. ನಮ್ಮಲ್ಲಿ ಅನೇಕರು ರಜೆಗೆ ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಒಯ್ಯುತ್ತಿದ್ದ ಫ್ರೂಟ್ ಕಾಕ್‌ಟೇಲ್ ಡಬ್ಬಿ ನೆನಪಿದೆಯಲ್ಲ? ಅದನ್ನು 1930ರ ಸುಮಾರಿಗೆ ಮಾರುಕಟ್ಟೆಗೆ ತಂದ ಶ್ರೇಯವನ್ನು ಸಾಮಾನ್ಯವಾಗಿ ಸ್ಯಾನ್ ಹೋಸೆಯ ಬ್ಯಾರನ್-ಗ್ರೇ ಕಂಪನಿಗೆ ಕೊಡುತ್ತಾರೆ. ಡಬ್ಬಿಗೆ ಸರಿಹೊಂದದ ಸಣ್ಣ, ಒಡೆದ ಹಣ್ಣಿನ ಚೂರುಗಳನ್ನು ವ್ಯರ್ಥ ಮಾಡದೆ ಬಳಸುವ ಉಪಾಯ ಅದು.

ಇನ್ನು ಮೇಲಿನ ಪದರದ ಕಥೆ. ಇಲ್ಲಿ ನನ್ನ ವೃತ್ತಿಯವನೇ ಒಬ್ಬ ಬರುತ್ತಾನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಆಲ್‌ಫ್ರೆಡ್ ಬರ್ಡ್‌ನ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟ್ ಕೂಡ ಆಗುತ್ತಿರಲಿಲ್ಲ. ಆಕೆಗಾಗಿ ಅವನು 1837ರಲ್ಲಿ ಜೋಳದ ಪಿಷ್ಟದಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ. 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ನಮ್ಮ ಮದುವೆ ಮನೆಗಳ ಫ್ರೂಟ್ ಸಲಾಡಿನ ಹಳದಿ ಕಸ್ಟರ್ಡ್ ಹುಟ್ಟಿದ್ದು ಹೀಗೆ. ಬೇಕಿಂಗ್ ಪೌಡರಿನ ಮುಖ್ಯ ಭಾಗವಾದ ಸೋಡಿಯಂ ಬೈಕಾರ್ಬನೇಟ್ ಇಂದಿಗೂ ನಮ್ಮ ಫಾರ್ಮಸಿಯ ಕಪಾಟಿನಲ್ಲಿ ಇಂಜೆಕ್ಷನ್ ರೂಪದಲ್ಲಿದೆ. ರಕ್ತದಲ್ಲಿ ಆಮ್ಲ ವಿಪರೀತ ಏರಿದಾಗ ವೈದ್ಯರು ಬಳಸುತ್ತಾರೆ. ಹಿಟ್ಟಿನಲ್ಲಿ ಅದು ಆಮ್ಲದೊಂದಿಗೆ ಸೇರಿ ಗಾಳಿಗುಳ್ಳೆ ಎಬ್ಬಿಸುತ್ತದೆ. ರಾತ್ರಿಯಿಡೀ ಹಿಟ್ಟು ಹುದುಗುವುದನ್ನು ಕಾಯುವ ಕೆಲಸ ಅಲ್ಲಿಗೆ ಮುಗಿಯಿತು.

ಅಮೆರಿಕದ ವಲಸಿಗರು ಎರಕದ ಕಬ್ಬಿಣದ ಪಾತ್ರೆಯಲ್ಲಿ ಹಣ್ಣು ಹಾಕಿ, ಮೇಲೆ ಹಿಟ್ಟು ಮುಚ್ಚಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಗೋವಾದಲ್ಲಿ ಬೆಬಿಂಕಾ ಮಾಡುವವರು ಮೇಲಿನಿಂದ ಕೆಂಡ ಕೊಡುವ ಕ್ರಮವೂ ಇದೇ. ಈ ಹಣ್ಣಿನ ಸಿಹಿಗೆ ಕಾಬ್ಲರ್ ಎಂಬ ಹೆಸರು ಬಂತು. 1839ರ 'ಕೆಂಟಕಿ ಹೌಸ್‌ವೈಫ್' ಎಂಬ ಅಡುಗೆ ಪುಸ್ತಕದಲ್ಲಿ ಪೀಚ್ ಕಾಬ್ಲರ್ ಇದೆ. ಹಿಟ್ಟು ಲಟ್ಟಿಸುವ ಕೆಲಸವನ್ನೂ ಬಿಟ್ಟು, ಬೆಣ್ಣೆ, ಸಕ್ಕರೆ, ಹಿಟ್ಟನ್ನು ಬೆರಳಿನಲ್ಲಿ ಉದುರುದುರಾಗಿ ಕಲಸಿ ಉದುರಿಸುವುದಕ್ಕೆ ಅಮೆರಿಕದವರು ಕ್ರಿಸ್ಪ್ ಅಂದರು, ಇಂಗ್ಲೆಂಡಿನವರು ಕ್ರಂಬಲ್ ಅಂದರು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಬೆಣ್ಣೆ ತಲೆಗೆ ವಾರಕ್ಕೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ ಮಾತ್ರ ಸಿಗುತ್ತಿತ್ತು. ಕಡಿಮೆ ಬೆಣ್ಣೆ, ಕಡಿಮೆ ಹಿಟ್ಟಿನ ಕ್ರಂಬಲ್ ಆಗ ಮನೆಮನೆಗೂ ತಲುಪಿತು. ಕೊರತೆಯೇ ಅದನ್ನು ಸುಲಭದ ಅಡುಗೆ ಮಾಡಿತು.

ಇಷ್ಟರಲ್ಲಿ ಒಂದು ಪ್ರಶ್ನೆ ಬಾಕಿ ಇದೆ. ಆ ಡಬ್ಬಿಗಳನ್ನು ತುಂಬಿದವರು ಯಾರು? ಕ್ಯಾನರಿಗಳಲ್ಲಿ ಸಾಲಾಗಿ ನಿಂತು ಪೀಚ್ ಸಿಪ್ಪೆ ತೆಗೆದವರು ಬಹುಪಾಲು ವಲಸೆ ಬಂದ ಹೆಂಗಸರು: ಇಟಾಲಿಯನ್, ಪೋರ್ಚುಗೀಸ್, ಆಮೇಲೆ ಮೆಕ್ಸಿಕನ್. ಸುಗ್ಗಿಯಲ್ಲಿ ಬಿಡುವಿಲ್ಲ, ಸುಗ್ಗಿ ಮುಗಿದರೆ ಕೆಲಸವಿಲ್ಲ. 1931ರಲ್ಲಿ ಕೂಲಿ ಕಡಿತದ ವಿರುದ್ಧ ಸಾವಿರಾರು ಜನ ಮುಷ್ಕರ ಹೂಡಿದರು. ಎವರ್‌ಗ್ರೀನ್‌ನಿಂದ ಸ್ವಲ್ಪ ದೂರದಲ್ಲೇ 'ಸಾಲ್ ಸಿ ಪ್ವೆದೆಸ್' ಎಂಬ ಕೇರಿ ಇತ್ತು. ಸ್ಪ್ಯಾನಿಷ್‌ನಲ್ಲಿ 'ಸಾಧ್ಯವಾದರೆ ಹೊರಗೆ ಹೋಗು' ಎಂದರ್ಥ. ಮುಂದೆ ಕೃಷಿ ಕಾರ್ಮಿಕರ ನಾಯಕರಾದ ಸೆಸಾರ್ ಚಾವೆಸ್ ಅಲ್ಲಿ ವಾಸವಿದ್ದವರು, ಏಪ್ರಿಕಾಟ್ ತೋಟಗಳಲ್ಲಿ ದುಡಿದವರು.

ಬೆಳೆದವರಿಗೆಲ್ಲ ಭೂಮಿ ತಮ್ಮದಾಗಿರಲಿಲ್ಲ. ಪೌರತ್ವ ಪಡೆಯಲು ಅರ್ಹತೆಯಿಲ್ಲದ ಏಷ್ಯಾದವರು ಕೃಷಿಭೂಮಿ ಹೊಂದಬಾರದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು. ಭಾರತೀಯರೂ ಆ ಅರ್ಹತೆಯಿಲ್ಲದವರೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ತೀರ್ಪಿತ್ತಿತು. 1942ರಲ್ಲಿ ಕಣಿವೆಯ ಜಪಾನಿ ಕುಟುಂಬಗಳನ್ನು ಮನೆ, ಹೊಲ ಬಿಡಿಸಿ ಶಿಬಿರಗಳಿಗೆ ಸಾಗಿಸಿದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಭೂಮಿಯ ಕಾನೂನು ಕೋರ್ಟಿನಲ್ಲಿ ಬಿದ್ದದ್ದು 1952ರಲ್ಲಿ. ಇಂದು ಎವರ್‌ಗ್ರೀನ್‌ನಲ್ಲಿ ಕನ್ನಡದ ಕುಟುಂಬವೊಂದು ಸ್ವಂತ ಮನೆಯ ಬಾಗಿಲಿಗೆ ತೋರಣ ಕಟ್ಟುತ್ತಿದ್ದರೆ, ಆ ಹಕ್ಕೂ ಹಿಂದಿನವರು ಹೋರಾಡಿ ಮಾಡಿಟ್ಟದ್ದೇ. ಬೇರೆಯವರ ನೆಲದಲ್ಲಿ ವೀಸಾದ ತಾರೀಖು ನೋಡುತ್ತ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1950ರಲ್ಲಿ ಸ್ಯಾನ್ ಹೋಸೆಯ ಜನಸಂಖ್ಯೆ ಸುಮಾರು 95 ಸಾವಿರ. 1970ಕ್ಕೆ 4 ಲಕ್ಷ 40 ಸಾವಿರ ದಾಟಿತು. ತೋಟಗಳು ಸೈಟುಗಳಾದವು, ಸೈಟುಗಳು ಮನೆಗಳಾದವು. ನಗರದಲ್ಲಿದ್ದ ಡೆಲ್ ಮಾಂಟೆಯ ದೊಡ್ಡ ಕ್ಯಾನರಿ 1999ರಲ್ಲಿ ಮುಚ್ಚಿತು; ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ನಮ್ಮ ಸೂಪರ್‌ಮಾರ್ಕೆಟ್ಟಿನ ಡಬ್ಬಿಗಳಿಗೆ ಈಗ ಬೇರೆ ದೇಶಗಳ ಹಣ್ಣು ಬರುತ್ತದೆ. ಅಲ್ಲಿಯೂ ಯಾರೋ ನಿಂತು ಸಿಪ್ಪೆ ತೆಗೆಯುತ್ತಿದ್ದಾರೆ.

ಇಷ್ಟು ಓದಿದವರಿಗೆ ವಿಧಾನ ಹೇಳದಿದ್ದರೆ ತಪ್ಪಾದೀತು. ತಂಗಿಯ ಮನೆಯಲ್ಲಿ ಕಲಿತದ್ದು, ಮೊಟ್ಟೆ ಬೇಡ. ಸುಮಾರು 800 ಗ್ರಾಂನ ಒಂದು ಡಬ್ಬಿ ಪೀಚ್ ಅಥವಾ ಏಪ್ರಿಕಾಟನ್ನು ರಸ ಬಸಿದು ಗಾಜಿನ ಟ್ರೇಯಲ್ಲಿ ಹರಡಿ. ಒಂದು ಕಪ್ ಓಟ್ಸ್, ಅರ್ಧ ಕಪ್ ಗೋಧಿ ಹಿಟ್ಟು, ಅರ್ಧ ಕಪ್ ಬೆಲ್ಲದ ಪುಡಿ, ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ, 100 ಗ್ರಾಂ ತಣ್ಣನೆಯ ಬೆಣ್ಣೆ. ಇಷ್ಟನ್ನು ಬೆರಳ ತುದಿಯಲ್ಲಿ ಉದುರಾಗಿ ಕಲಸಿ ಹಣ್ಣಿನ ಮೇಲೆ ಹಾಕಿ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 35ರಿಂದ 40 ನಿಮಿಷ. ಅಂಚಿನಲ್ಲಿ ರಸ ಕೊತಕೊತ ಕುದಿದು, ಮೇಲೆ ಕೆಂಪಾದರೆ ಆಯಿತು.

ಫಾರ್ಮಸಿಯವನಾಗಿ ಎರಡು ಮಾತು. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಸಿರಪ್ಪಿನ ಡಬ್ಬಿಗಿಂತ ಹಣ್ಣಿನ ರಸದಲ್ಲೇ ಇಟ್ಟ ಡಬ್ಬಿ ಆರಿಸಿ, ಬೆಲ್ಲ ಕಡಿಮೆ ಮಾಡಿ, ಬೆಲ್ಲವೂ ಸಕ್ಕರೆಯೇ. ಒಣ ಏಪ್ರಿಕಾಟ್ ಬಳಸುವುದಾದರೆ ಮತ್ತು ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಪೊಟ್ಟಣದ ಮೇಲೆ ಇ220 ಎಂದು ಇದೆಯೇ ನೋಡಿ. ಅದು ಹಿಂದೆ ಹೇಳಿದ ಗಂಧಕದ ಹೊಗೆಯೇ. ಕೆಲವರಿಗೆ ಉಸಿರು ಕಟ್ಟಿಸುತ್ತದೆ.

ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಬಂದು ಮಕ್ಕಳಿಗೆ ಬಿಸಿಯಾಗಿ ಒಂದು ಸಿಹಿ ಕೊಡಬಲ್ಲೆವಾದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೂರಣ ರುಬ್ಬಿದ ತಾಯಿಯ ಶ್ರಮ ನಮಗೆ ಕಾಣಿಸುತ್ತಿತ್ತು, ಆದ್ದರಿಂದ ಅದಕ್ಕೆ ಕೈ ಮುಗಿದೆವು. ಡಬ್ಬಿಯೊಳಗಿನ ಶ್ರಮ ಕಾಣಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಮುಂದಿನ ಬಾರಿ ಯಾರಾದರೂ "ಇದರಲ್ಲೇನಿದೆ?" ಎಂದು ಕೇಳಿದರೆ, ಮಕ್ಕಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಇದರಲ್ಲಿ ಏನೇನಿದೆ ಎಂದು ಹೇಳಿ.