ಆಯಾಮ ವಿಚಾರವೂ ಆಕಾಶದ ನೀಲಿಯೂ

ಮೂರು ಸೇರು ಅಕ್ಕಿಗೆ ಎರಡು ಗಜ ಬಟ್ಟೆಯನ್ನು ಕೂಡಿಸಿದರೆ ಎಷ್ಟಾಯಿತೆಂದು ಯಾರೂ ಕೇಳುವುದಿಲ್ಲ. ಪೇಟೆಯಲ್ಲಿ ಎಳೆಯರೂ ಬಲ್ಲ ಈ ವಿವೇಕವನ್ನು ಭೌತವಿಜ್ಞಾನದ ಸಮೀಕರಣಗಳಿಗೆ ಸ್ಪಷ್ಟವಾಗಿ ವಿಧಿಸಿದವನು ಫ್ರಾನ್ಸಿನ ಫೂರ್ಯೇ. ಉಷ್ಣವನ್ನು ಕುರಿತು 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರತಿಯೊಂದು ರಾಶಿಗೂ ಅದರದೇ ಆದ ಆಯಾಮವುಂಟೆಂದೂ, ಒಂದು ಸಮೀಕರಣದ ಪದಗಳೆಲ್ಲವೂ ಒಂದೇ ಆಯಾಮದವಾಗಿರಬೇಕೆಂದೂ ಆತನು ತೋರಿಸಿದನು. ಬಳಿಕ ಮ್ಯಾಕ್ಸ್‌ವೆಲ್ ಮಹಾಶಯನು ದ್ರವ್ಯರಾಶಿ, ಉದ್ದ, ಕಾಲ ಎಂಬ ಮೂರರಿಂದಲೇ ಉಳಿದ ರಾಶಿಗಳನ್ನು ಬರೆಯುವ ಕ್ರಮವನ್ನು ರೂಢಿಗೆ ತಂದನು.

ನಮ್ಮ ವಿದ್ಯಾರ್ಥಿಗಳು ಇದನ್ನು ಪರೀಕ್ಷೆಯ ಹಿಂದಿನ ರಾತ್ರಿ ಸೂತ್ರಗಳನ್ನು ನೆನಪಿಗೆ ತಂದುಕೊಳ್ಳುವ ಉಪಾಯವೆಂದಷ್ಟೇ ಬಲ್ಲರು. ಅದೂ ಅಲ್ಪವಾದ ಉಪಕಾರವಲ್ಲ. ಲೋಲಕದ ತೂಗಾಟದ ಸೂತ್ರ ಮರೆತುಹೋಯಿತೆನ್ನೋಣ. ದಾರದ ಉದ್ದವನ್ನು ಗುರುತ್ವದ ವೇಗೋತ್ಕರ್ಷದಿಂದ ಭಾಗಿಸಿ ವರ್ಗಮೂಲವನ್ನು ತೆಗೆದರೆ ಮಾತ್ರ ಕಾಲವು ದೊರೆಯುತ್ತದೆ. ಗುಂಡಿನ ದ್ರವ್ಯರಾಶಿಗೆ ಅಲ್ಲಿ ಎಡೆಯಿಲ್ಲ. ಅದನ್ನು ಹೊಡೆದುಹಾಕುವುದಕ್ಕೆ ಮತ್ತೊಂದು ದ್ರವ್ಯರಾಶಿ ಇಲ್ಲವಷ್ಟೆ.

ಆದರೆ ನೆನಪಿನ ಈ ಊರುಗೋಲು ಒಮ್ಮೆ ಆಕಾಶವನ್ನೇ ಮುಟ್ಟಿತು. ಬಾನು ನೀಲಿಯಾಗಿರುವುದೇಕೆ? ಮುಂದೆ ಲಾರ್ಡ್ ರ್‍ಯಾಲೆ ಎಂದು ಪ್ರಸಿದ್ಧನಾದ ಜಾನ್ ಸ್ಟ್ರಟ್ ಎಂಬ ತರುಣನು 1871ರಲ್ಲಿ ಹೀಗೆ ವಾದಿಸಿದನು. ಬೆಳಕಿನ ಅಲೆಯ ಉದ್ದಕ್ಕಿಂತ ಬಹು ಸಣ್ಣದಾದ ಕಣವೊಂದು ಬೆಳಕನ್ನು ಚದರಿಸುತ್ತದೆ. ಚದರಿದ ಅಲೆಯ ಎತ್ತರಕ್ಕೂ ಬಂದ ಅಲೆಯ ಎತ್ತರಕ್ಕೂ ಇರುವ ಪ್ರಮಾಣವು ಬರಿಯ ಸಂಖ್ಯೆ, ಅದಕ್ಕೆ ಆಯಾಮವಿಲ್ಲ. ಅದು ಕಣದ ಘನಗಾತ್ರದೊಡನೆ ಬೆಳೆಯಬೇಕು, ದೂರದೊಡನೆ ಕುಗ್ಗಬೇಕು. ಬೆಳಕಿನ ವೇಗವು ಇದರಲ್ಲಿ ಸೇರಲಾರದು. ಕಾಲದ ಸೋಂಕು ಅದೊಂದರಲ್ಲಿಯೇ ಇದೆ. ಘನಗಾತ್ರವೆಂದರೆ ಉದ್ದದ ಘನ. ದೂರದಿಂದ ಭಾಗಿಸಲು ಉದ್ದದ ವರ್ಗವು ಉಳಿಯಿತು. ಇದನ್ನು ಕಳೆಯಲು ಉಳಿದಿರುವುದು ಅಲೆಯ ಉದ್ದವೊಂದೇ. ಆದುದರಿಂದ ಅದರ ವರ್ಗದಿಂದ ಭಾಗಿಸತಕ್ಕದ್ದು. ಬೆಳಕಿನ ತೀವ್ರತೆಯು ಅಲೆಯ ಎತ್ತರದ ವರ್ಗವನ್ನು ಅನುಸರಿಸುವುದರಿಂದ, ಚದರುವ ಬೆಳಕು ಅಲೆಯ ಉದ್ದದ ನಾಲ್ಕನೆಯ ಘಾತಕ್ಕೆ ವಿಲೋಮವಾಯಿತು! ನೀಲಿಯ ಅಲೆ 450 ನ್ಯಾನೋಮೀಟರ್, ಕೆಂಪಿನದು 650 ಎಂದಿಟ್ಟುಕೊಂಡರೆ, ನೀಲಿಯು ಕೆಂಪಿನ ನಾಲ್ಕರಷ್ಟಕ್ಕಿಂತ ಹೆಚ್ಚಾಗಿ ಚದರುತ್ತದೆ. ಚದರಿಸಲು ಧೂಳೇ ಬೇಕಿಲ್ಲ, ಗಾಳಿಯ ಅಣುಗಳೇ ಸಾಕೆಂದು ಆತನೇ 1899ರಲ್ಲಿ ತೋರಿಸಿದನು.

ಇಷ್ಟು ಸುಲಭವಾಗಿ ಫಲ ದೊರೆತಾಗ ಶ್ರೋತೃಗಳಿಗೆ ಸಂಶಯ ಹುಟ್ಟುವುದು ನ್ಯಾಯವೇ. ಬರಿಯ ಸಂಖ್ಯೆಗಳನ್ನು ಈ ವಿಧಾನವು ಕೊಡಲಾರದು. ಲೋಲಕದ ಸೂತ್ರದಲ್ಲಿರುವ ಎರಡು ಪೈ ಎಂಬುದನ್ನು ಗಣಿತದಿಂದಲೋ ಪ್ರಯೋಗದಿಂದಲೋ ಪಡೆಯಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಯಾವ ಯಾವ ರಾಶಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ಆಯಾಮಗಳು ಹೇಳುವುದಿಲ್ಲ.

1915ರಲ್ಲಿ, ವೃದ್ಧನಾದ ರ್‍ಯಾಲೆ ‘ನೇಚರ್’ ಪತ್ರಿಕೆಯಲ್ಲಿ, ದೊಡ್ಡ ವಿಜ್ಞಾನಿಗಳು ಸಹ ಈ ತತ್ವವನ್ನು ಅಲಕ್ಷಿಸುತ್ತಿರುವರೆಂದು ಆಕ್ಷೇಪಿಸಿ ಹಲವು ಉದಾಹರಣೆಗಳನ್ನು ಕೊಟ್ಟನು. ಹರಿಯುವ ದ್ರವದಲ್ಲಿ ಬಿಸಿಯಾದ ವಸ್ತುವು ಕಳೆದುಕೊಳ್ಳುವ ಉಷ್ಣವೆಷ್ಟೆಂಬುದು ಅವುಗಳಲ್ಲೊಂದು. ರಷ್ಯದ ರಿಯಾಬೂಷಿನ್‌ಸ್ಕಿ ಒಡನೆಯೇ ಪ್ರಶ್ನಿಸಿದನು: ತಾಪವು ಅಣುಗಳ ಚಲನೆಯ ಶಕ್ತಿಯೇ ಆದರೆ ಅದಕ್ಕೆ ಬೇರೆ ಆಯಾಮವೇಕೆ? ಹಾಗೆಣಿಸಿದರೆ ನಮ್ಮ ತಿಳಿವು ಹೆಚ್ಚಿದ್ದರೂ ಉತ್ತರದ ಖಚಿತತೆಯು ಕಡಿಮೆಯಾಗುತ್ತಿತ್ತು. ಈ ವಿಚಿತ್ರವು ಮತ್ತಷ್ಟು ಚರ್ಚೆಗೆ ಯೋಗ್ಯವೆಂದು ರ್‍ಯಾಲೆ ಒಪ್ಪಿಕೊಂಡನು.