ಪೋದನೂರಿನ ಪರೀಕ್ಷೆ: 1928ರ ಸೌತ್ ಇಂಡಿಯನ್ ರೈಲ್ವೆ ಮುಷ್ಕರ ಮತ್ತು ನಮ್ಮ ಕರಾವಳಿ ಲೈನು

ನನ್ನ ಧ್ವನಿ ಕೇಳ್ತಾ ಉಂಟಲ್ವಾ? ಸರಿ. ಗಡಿನಾಡಿನ ಗೋಷ್ಠಿಯಲ್ಲಿ ರೈಲ್ವೆ ಮುಷ್ಕರ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಅದಕ್ಕೆ ನಮ್ಮ ಮನೆಯ ಒಂದು ಮಾತಿನಿಂದಲೇ ಶುರು ಮಾಡ್ತೇನೆ. ನಮ್ಮ ಅಜ್ಜಿಯ ಅಪ್ಪ ಕುಂಬಳೆಯಿಂದ ಮಂಗಳೂರಿಗೆ ಹೋಗುವ ರೈಲನ್ನು ಕೊನೆಯವರೆಗೂ 'ಕಂಪೆನಿ ಗಾಡಿ' ಎಂದೇ ಕರೆಯುತ್ತಿದ್ದರಂತೆ. ಯಾವ ಕಂಪೆನಿ ಅಂತ ಅಜ್ಜಿಯನ್ನು ಕೇಳಿದರೆ, "ಕಂಪೆನಿ ಅಂದ್ರೆ ಕಂಪೆನಿ, ಇನ್ಯಾವುದು" ಎನ್ನುತ್ತಾರೆ. ನನ್ನ ಹುಡುಕಾಟ ಆ 'ಕಂಪೆನಿ'ಯಿಂದ ಹೊರಟದ್ದು.

1907ರಲ್ಲಿ ಹಳಿ ಕಾಸರಗೋಡು, ಕುಂಬಳೆ, ಮಂಜೇಶ್ವರ ದಾಟಿ ಮಂಗಳೂರು ಮುಟ್ಟಿತು. ಹಾಕಿದ್ದು ಮದ್ರಾಸ್ ರೈಲ್ವೆ ಕಂಪೆನಿ. ಆ ವರ್ಷದ ಕೊನೆಗೇ ಅದರ ಒಪ್ಪಂದ ಮುಗಿದು, 1908ರಿಂದ ಅದರ ಲೈನುಗಳನ್ನು ಎರಡು ಪಾಲು ಮಾಡಿದರು. ಆದೋನಿ, ಗುಂತಕಲ್ಲಿನ ಕಡೆಯದು ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪೆನಿಗೆ ಹೋಯಿತು, ನಮ್ಮ ಕರಾವಳಿಯದು ಸೌತ್ ಇಂಡಿಯನ್ ರೈಲ್ವೆ ಕಂಪೆನಿಗೆ. ಸೊಲ್ಲಾಪುರ ಮೊದಲಿನಿಂದಲೂ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದ್ದು. ಅಂದರೆ ನಾವಿಲ್ಲಿ 'ಗಡಿನಾಡು' ಎಂದು ಒಟ್ಟಿಗೆ ಹೇಳುವ ಊರುಗಳನ್ನು ರಾಜ್ಯ ವಿಂಗಡಣೆಗೆ ಸುಮಾರು ಅರ್ಧ ಶತಮಾನ ಮೊದಲೇ ರೈಲ್ವೆ ಕಂಪೆನಿಗಳು ತಮ್ಮ ಲೆಕ್ಕದಲ್ಲಿ ಹಂಚಿಕೊಂಡಿದ್ದವು. ಆ ಲೆಕ್ಕದಲ್ಲಿ ಭಾಷೆಗೆ ಜಾಗ ಇರಲಿಲ್ಲ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆದರೆ ಸ್ಟೇಷನ್ನಿನ ಪಾಯಿಂಟ್ಸ್‌ಮನ್ನನ ರಜೆ, ದಂಡ, ಬಡ್ತಿ ಎಲ್ಲಕ್ಕೂ ಮೇಲಿನ ದೊರೆ ತಿರುಚಿರಾಪಳ್ಳಿಯಲ್ಲಿ ಕೂತ ಕಂಪೆನಿಯ ಏಜೆಂಟ್. ಅವನ ಮೇಲಿನ ಆಡಳಿತ ಮಂಡಳಿ ಲಂಡನ್ನಿನಲ್ಲಿ. ಹಳಿ ಸರ್ಕಾರದ ಸ್ವತ್ತು, ನಡೆಸುವುದು ಮಾತ್ರ ಕಂಪೆನಿ. ಈ ಏರ್ಪಾಡು ಮುಂದೆ ಬರುವ ಜಗಳದಲ್ಲಿ ಬಹಳ ಮುಖ್ಯ, ನೆನಪಿಟ್ಟುಕೊಳ್ಳಿ.

ಈ ಕಂಪೆನಿಯ ಬಹುಪಾಲು ಲೈನು ಮೀಟರ್‌ಗೇಜ್, ನಮ್ಮ ಕರಾವಳಿಯದು ಬ್ರಾಡ್‌ಗೇಜ್. ಮೀಟರ್‌ಗೇಜಿನ ಎಂಜಿನ್, ಬೋಗಿಗಳ ರಿಪೇರಿ ನಾಗಪಟ್ಟಣದ ಕಾರ್ಖಾನೆಯಲ್ಲಿ. ಬ್ರಾಡ್‌ಗೇಜಿನದು ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ. 1920ರ ದಶಕದಲ್ಲಿ ಕಂಪೆನಿ ಎರಡನ್ನೂ ತೆಗೆದು ತಿರುಚಿರಾಪಳ್ಳಿಯ ಪೊನ್ಮಲೈ, ಇಂಗ್ಲಿಷಿನಲ್ಲಿ ಗೋಲ್ಡನ್ ರಾಕ್ ಅನ್ನುವಲ್ಲಿ ಒಂದೇ ದೊಡ್ಡ ಕಾರ್ಖಾನೆ ಕಟ್ಟಿಸಿತು. ಹೊಸ ಯಂತ್ರಗಳು ಬಂದವು. ಹೊಸ ಯಂತ್ರ ಬಂದ ಮೇಲೆ ಹಳೆ ಕೈಗಳು ಎಷ್ಟು ಬೇಕು ಅನ್ನುವ ಲೆಕ್ಕವೂ ಬಂತು. ಮೂರು ಸಾವಿರಕ್ಕೂ ಹೆಚ್ಚು ಜನ ಹೆಚ್ಚುವರಿ ಎಂದು 1928ರಲ್ಲಿ ಕಂಪೆನಿ ತೀರ್ಮಾನಿಸಿತು.

ಮುಷ್ಕರ ಆದದ್ದು ಕೆಲಸ ಹೋಗುತ್ತದೆ ಅಂತ ಮಾತ್ರ ಎಂದು ಓದಿಬಿಟ್ಟರೆ ಅರ್ಧ ವಿಷಯ ತಪ್ಪಿಹೋಗುತ್ತದೆ ಎಂಬುದು ನನ್ನ ವಾದ. ಯಾರನ್ನು ಉಳಿಸಿಕೊಳ್ಳಬೇಕು, ಉಳಿದವರಿಗೆ ಯಾವ ದರ್ಜೆ, ಎಷ್ಟು ಕೂಲಿ ಎಂದು ನಿರ್ಧರಿಸಲು ಕಂಪೆನಿ 'ಟ್ರೇಡ್ ಟೆಸ್ಟ್' ತಂದಿತು. ಕೆಲಸಗಾರರು ಕೆರಳಿದ್ದು ಇಲ್ಲಿ. ಇಂಥ ಪರೀಕ್ಷೆ ಅಂದರೆ ಏನು? ಒಂದು ಕಬ್ಬಿಣದ ತುಂಡು, ಒಂದು ಅಳತೆ, ಇಷ್ಟು ಹೊತ್ತು. ಅಷ್ಟರೊಳಗೆ ಅರ ಹಾಕಿ ಅಳತೆಗೆ ತರಬೇಕು. ಹತ್ತಿಪ್ಪತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಫಿಟ್ಟರ್, ಶಬ್ದ ಕೇಳಿಯೇ ದೋಷ ಎಲ್ಲಿದೆ ಎನ್ನಬಲ್ಲವನು, ಈಗ ಹೊಸ ಹುಡುಗನ ಹಾಗೆ ಬೆಂಚಿನ ಮುಂದೆ ನಿಂತು 'ನನಗೆ ಕೆಲಸ ಬರುತ್ತದೆ' ಅಂತ ತೋರಿಸಬೇಕು. ಅಳತೆಪಟ್ಟಿ ಯಾರ ಕೈಯಲ್ಲಿ? ಅವನನ್ನು ತೆಗೆಯಬೇಕೆಂದು ಮೊದಲೇ ಲೆಕ್ಕ ಹಾಕಿಕೊಂಡವರ ಕೈಯಲ್ಲಿ. ನಾನೂ ಈಗ ನೆಟ್ ಪರೀಕ್ಷೆಗೆ ಓದುತ್ತಿರುವವಳು, ಹಾಗಾಗಿ ಈ ಸಿಟ್ಟು ನನಗೆ ಬೇಗ ಅರ್ಥವಾಗುತ್ತದೆ. ಆದರೆ ಪಾಸಾಗದಿದ್ದರೆ ನಾನು ಮುಂದಿನ ಸಲ ಬರೆಯಬಹುದು.

ಜೂನ್ ಕೊನೆಯಲ್ಲಿ ಕಾರ್ಖಾನೆಗಳಲ್ಲಿ ಕೆಲಸ ನಿಂತಿತು. ಕಂಪೆನಿ ಬಾಗಿಲು ಹಾಕಿತು. ಪರೀಕ್ಷೆ ಕೈಬಿಡಿ, ಜನರನ್ನು ತೆಗೆಯಬೇಡಿ, ಕೂಲಿ ಏರಿಸಿ ಎಂಬ ಬೇಡಿಕೆ ಒಪ್ಪಿಗೆಯಾಗದೆ, ಜುಲೈ 20ರ ಹೊತ್ತಿಗೆ ಜಗಳ ಕಾರ್ಖಾನೆಯ ಗೋಡೆ ದಾಟಿ ಇಡೀ ಲೈನಿನ ಮುಷ್ಕರವಾಯಿತು. ಮುಂದೆ ನಿಂತವರಲ್ಲಿ ಎಂ. ಸಿಂಗಾರವೇಲು ಒಬ್ಬರು. 1923ರ ಮೇ 1ರಂದು ಮದ್ರಾಸಿನಲ್ಲಿ ನಮ್ಮ ದೇಶದ ಮೊದಲ ಮೇ ದಿನ ಆಚರಿಸಿದ ಮುದುಕರು ಇವರೇ. ಮುಷ್ಕರದ ವರ್ಷ ಅವರಿಗೆ ಅರವತ್ತೆಂಟು. ಜೊತೆಗೆ ಬಂಗಾಳದ ಮುಕುಂದಲಾಲ್ ಸರ್ಕಾರ್. ಹತ್ತು ದಿನದೊಳಗೆ ಎಲ್ಲ ಮುಗಿಯಿತು. ನಾಯಕರನ್ನು ಬಂಧಿಸಿದರು, ಪೊಲೀಸರು ಕೆಲವೆಡೆ ಗುಂಡು ಹಾರಿಸಿದರು, ಜುಲೈ 30ಕ್ಕೆ ಬೇಡಿಕೆ ಈಡೇರದೆಯೇ ಮುಷ್ಕರ ನಿಂತಿತು. ಆಮೇಲೆ ಸಂಚಿನ ಮೊಕದ್ದಮೆ. ಸಿಂಗಾರವೇಲು ಅವರಿಗೆ ಹತ್ತು ವರ್ಷದ ಶಿಕ್ಷೆ. ಮೇಲ್ಮನವಿಯಲ್ಲಿ ಅದು ಕಡಿಮೆಯಾಗಿ 1930ರಲ್ಲಿ ಹೊರಗೆ ಬಂದರು.

ಯಾಕೆ ಇಷ್ಟು ಬೇಗ ಸೋತರು? ನಾಯಕರನ್ನು ಹಿಡಿದದ್ದರಿಂದ ಅಂತ ಸುಲಭವಾಗಿ ಹೇಳಬಹುದು. ನನಗೆ ಅದು ಸಾಕಾಗುವುದಿಲ್ಲ. ನಮ್ಮ ಲೈನನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಕಾರ್ಖಾನೆಯಲ್ಲಿ ಸಾವಿರಾರು ಜನ ಒಂದೇ ಗೇಟಿನಲ್ಲಿ ಒಳಗೆ ಹೋಗಿ ಒಂದೇ ಗೇಟಿನಲ್ಲಿ ಹೊರಗೆ ಬರುತ್ತಾರೆ. ಸಂಜೆ ಅಲ್ಲೇ ಸಭೆ ಸೇರಬಹುದು. ಮಂಜೇಶ್ವರದಂಥ ಸ್ಟೇಷನ್ನಿನಲ್ಲಿ ಇರುವುದೇ ಬೆರಳೆಣಿಕೆಯ ಜನ. ಗ್ಯಾಂಗಿನವರು ಮಳೆಯಲ್ಲಿ ಹಳಿ ಕಾಯುತ್ತಾ ಮೈಲಿಗಟ್ಟಲೆ ಚದುರಿರುತ್ತಾರೆ, ಅದೂ ಜುಲೈ ತಿಂಗಳು, ನಮ್ಮ ಆಟಿಯ ಮಳೆ! ಕಂಪೆನಿಯ ಕ್ವಾರ್ಟರ್ಸಿನಲ್ಲಿ ಇರುವವನಿಗೆ ಕೆಲಸ ಹೋದರೆ ಮನೆಯೂ ಹೋಗುತ್ತದೆ. ಡ್ರೈವರ್, ಗಾರ್ಡ್ ಹುದ್ದೆಗಳ ದೊಡ್ಡ ಪಾಲು ಆಂಗ್ಲೋ ಇಂಡಿಯನ್ನರದ್ದು. ಅವರ ಸಂಬಳ ಬೇರೆ, ವಸತಿ ಬೇರೆ, ಕಂಪೆನಿಯ ಜೊತೆಗಿನ ಸಂಬಂಧವೂ ಬೇರೆ. ಟ್ರೇಡ್ ಟೆಸ್ಟಿನ ಅವಮಾನ ಕಾರ್ಖಾನೆಯ ಕುಶಲಕರ್ಮಿಗೆ ಚುಚ್ಚಿದ ಹಾಗೆ ಲೈನಿನ ಕೂಲಿಗೆ ಚುಚ್ಚುವುದಿಲ್ಲ. ಅವನ ಕಷ್ಟಗಳೇ ಬೇರೆ. ಒಂದು ದೂರಿನ ಮೇಲೆ ಎಲ್ಲರನ್ನೂ ನಿಲ್ಲಿಸುವುದು ಕಷ್ಟವಿತ್ತು. ಇನ್ನು ಕಂಪೆನಿಯ ಬೆನ್ನಿಗೆ ನಿಂತದ್ದು ಹಳಿಯ ಒಡೆಯನಾದ ಸರ್ಕಾರವೇ. ಕಂಪೆನಿಗೂ ಕೆಲಸಗಾರನಿಗೂ ನಡುವೆ ನ್ಯಾಯ ಹೇಳಬೇಕಾದವನು ತಾನೇ ಪಾಲುದಾರ.

ಇದರ ಪರಿಣಾಮ ಕಾನೂನಿನ ಪುಸ್ತಕಕ್ಕೂ ತಟ್ಟಿತು. 1926ರ ಕಾಯ್ದೆ ಕಾರ್ಮಿಕ ಸಂಘಗಳಿಗೆ ಮಾನ್ಯತೆ ಕೊಟ್ಟಿತ್ತು. 1928ರಲ್ಲಿ ದೇಶದ ಹಲವೆಡೆ ಮುಷ್ಕರಗಳಾದ ಮೇಲೆ, 1929ರ ಟ್ರೇಡ್ ಡಿಸ್ಪ್ಯೂಟ್ಸ್ ಕಾಯ್ದೆ ರೈಲ್ವೆಯಂಥ ಸಾರ್ವಜನಿಕ ಸೇವೆಗಳಲ್ಲಿ ಮುನ್ಸೂಚನೆ ಕೊಡದೆ ಕೆಲಸ ನಿಲ್ಲಿಸುವುದನ್ನು ಅಪರಾಧವಾಗಿಸಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಬಿಗಿ ಹಿಡಿಯಿತು.

ಈಗ ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವ ವಿಷಯ. ಇದೇ ಲೈನಿನ ಚೆರುವತ್ತೂರು, ನೀಲೇಶ್ವರದಿಂದ ದೂರವಲ್ಲದ ಕಯ್ಯೂರಿನಲ್ಲಿ 1941ರಲ್ಲಿ ರೈತರ ಹೋರಾಟ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೆ ಹಾಕಿದರು. ಅದಕ್ಕೆ ಕನ್ನಡದಲ್ಲಿ ನಿರಂಜನರ 'ಚಿರಸ್ಮರಣೆ' ಉಂಟು. ನೀಲೇಶ್ವರದಲ್ಲಿ ಓದಿದ ಹುಡುಗ ಅದನ್ನು ಬರೆದರು, ನಾವು ಓದಿದೆವು, ಪಾಠ ಕೇಳಿದೆವು. ಆದರೆ 1928ರ ಮುಷ್ಕರ ನನ್ನ ಐದು ವರ್ಷದ ಸಿಲಬಸ್ಸಿನಲ್ಲಿ ಒಂದು ಸಾಲಿಗೂ ಬರಲಿಲ್ಲ. ರೈತನಿಗೆ ಊರು ಇರುತ್ತದೆ, ಊರಿಗೆ ಹೆಸರು ಇರುತ್ತದೆ, ಕಾದಂಬರಿಗೆ ಅದು ಸಾಕು. ರೈಲ್ವೆಯವನು ಇಂದು ಇಲ್ಲಿ, ನಾಳೆ ವರ್ಗವಾಗಿ ಮತ್ತೊಂದು ಕಡೆ. ಅವನು ತಮಿಳಿನವನೋ ಮಲಯಾಳದವನೋ ತುಳುವನೋ ಕನ್ನಡಿಗನೋ ಎಂದು ಕೇಳಿ ಹಂಚಿಕೊಳ್ಳುವ ಸಾಹಿತ್ಯ ಚರಿತ್ರೆಗಳಲ್ಲಿ ಅವನು ಯಾರ ಪಾಲಿಗೂ ಬೀಳುವುದಿಲ್ಲ. ಕಾಸರಗೋಡಿನ ನಾವು ನಮ್ಮ ಚರಿತ್ರೆಯನ್ನು 1956ರಿಂದ ಎಣಿಸುವ ರೂಢಿ ಮಾಡಿಕೊಂಡಿದ್ದೇವೆ. ಆ ನೋವು ಸುಳ್ಳು ಅಂತ ನಾನು ಹೇಳ್ತಾ ಇಲ್ಲ, ಮೇಷ್ಟ್ರುಗಳು ದಯವಿಟ್ಟು ತಪ್ಪು ತಿಳಿಯಬೇಡಿ. ಆದರೆ ಆ ಎಣಿಕೆಯಲ್ಲಿ ನಮ್ಮ ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಪೋದನೂರಿನ ಫಿಟ್ಟರನಿಗೆ ಏನಾಗಬೇಕು ಎಂಬ ಪ್ರಶ್ನೆಗೆ ಜಾಗವೇ ಇಲ್ಲ. ಇಬ್ಬರ ಸಂಬಳವೂ ಒಂದೇ ಏಜೆಂಟನ ಆಫೀಸಿನ ಲೆಕ್ಕಕ್ಕೆ ಸೇರುತ್ತಿತ್ತು.

1944ರಲ್ಲಿ ಸರ್ಕಾರ ಕಂಪೆನಿಯನ್ನು ವಹಿಸಿಕೊಂಡಿತು. 1951ರಲ್ಲಿ ಅದು, ಮದ್ರಾಸ್ ಅಂಡ್ ಸದರ್ನ್ ಮರಾಠಾ ಮತ್ತು ಮೈಸೂರು ಸಂಸ್ಥಾನದ ರೈಲ್ವೆ ಸೇರಿ ದಕ್ಷಿಣ ರೈಲ್ವೆ ಆಯಿತು. ಅಜ್ಜಿಯ ಅಪ್ಪನಿಗೆ ಮಾತ್ರ ಅದು ಕಂಪೆನಿ ಗಾಡಿಯಾಗಿಯೇ ಉಳಿಯಿತು.

ಒಂದು ಕೋರಿಕೆ ಇಟ್ಟು ನಿಲ್ಲಿಸ್ತೇನೆ. ಕೇಳ್ತಾ ಇರುವವರಲ್ಲಿ ಕಾಸರಗೋಡು, ಉಪ್ಪಳ, ಮಂಜೇಶ್ವರ ಕಡೆಯವರು ಇದ್ದೀರಿ. ಗುಂತಕಲ್, ಸೊಲ್ಲಾಪುರದವರೂ ಇದ್ದೀರಿ. ಮನೆಯಲ್ಲಿ ಹಿರಿಯರ ಹಳೆ ರೈಲ್ವೆ ಸರ್ವಿಸ್ ಕಾಗದ, ಪಾಸು, ದಂಡದ ಚೀಟಿ ಏನಾದರೂ ಇದ್ದರೆ ಹರಿದು ಹೋಗುವ ಮೊದಲು ಫೋಟೊ ತೆಗೆದು ಕಳಿಸಿ. ಪ್ರಶ್ನೆಗಳಿದ್ದರೆ ಕೇಳಬಹುದು.