ಸಾಮಾನು ಕಟ್ಟಿದವರ ಚರಿತ್ರೆ: ಶರಾವತಿಯಿಂದ ವಿಂಡಮ್ ವೇಲ್‌ವರೆಗೆ

ಕಳೆದ ವರ್ಷ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನ ಬಾಡಿಗೆ ಮನೆ ಖಾಲಿ ಮಾಡಿ, ಮೆಲ್ಬರ್ನಿನ ಪಶ್ಚಿಮ ಅಂಚಿನ ವಿಂಡಮ್ ವೇಲ್‌ಗೆ ಬಂದೆವು. ಹನ್ನೊಂದು ವರ್ಷದಲ್ಲಿ ಇದು ಐದನೇ ಮನೆ. ಸ್ವಂತದ್ದು ಅಂತ ಇದೇ ಮೊದಲನೆಯದು. ನಾನು ಗೋದಾಮಿನಲ್ಲಿ ದುಡಿಯೋನು, ಪ್ಯಾಕಿಂಗೇ ನನ್ನ ಹೊಟ್ಟೆಪಾಡು. ತೂಕದ್ದು ಕೆಳಗೆ, ನಾಜೂಕಿನದು ಮೇಲೆ. ಪುಸ್ತಕಕ್ಕೆ ಸಣ್ಣ ಡಬ್ಬ, ದಿಂಬಿಗೆ ದೊಡ್ಡ ಡಬ್ಬ. ಒಳಗೇನಿದೆ ಅನ್ನೋದನ್ನ ಡಬ್ಬದ ಪಕ್ಕದಲ್ಲಿ ಬರೀಬೇಕು. ಮೇಲೆ ಬರೆದರೆ ಒಂದರ ಮೇಲೊಂದು ಇಟ್ಟಾಗ ಕಾಣೋದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಮನೆಯ ಸಾಮಾನು ಕಟ್ಟುವಾಗ ಒಂದು ವಸ್ತುವಿನ ಹತ್ತಿರ ಕೈ ನಿಂತುಬಿಟ್ಟಿತು. ಅದು ಅಜ್ಜಿಯ ಅಡಕತ್ತರಿ.

“ಇದ್ಯಾಕ್ರೀ? ಇಲ್ಲಿ ಕತ್ತರಿಸೋಕೆ ಅಡಿಕೆ ಎಲ್ಲಿದೆ?” ಅಂದಳು ನನ್ನವಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಸಿಡ್ನಿಯಿಂದ ಮೆಲ್ಬರ್ನಿಗೆ ಹತ್ತಿರ ಹತ್ತಿರ 900 ಕಿಲೋಮೀಟರ್. ಸಾಮಾನು ಎಷ್ಟು ಜಾಗ ಹಿಡಿಯುತ್ತೆ ಅಂತ ನೋಡಿಯೇ ಲಾರಿಯವನು ದುಡ್ಡು ಹೇಳೋದು. ಹಳೇ ಮಂಚ, ಮಿಕ್ಸಿ, ಮಕ್ಕಳ ಸೈಕಲ್ಲು ಎಲ್ಲ ರಸ್ತೆ ಬದಿಗೆ ಹೋಗಿದ್ದವು. ನಾನು ಅಡಕತ್ತರಿಯನ್ನು ಒಂದು ಟವೆಲ್ಲಿನಲ್ಲಿ ಸುತ್ತಿ ಕಾಗದಪತ್ರದ ಡಬ್ಬಕ್ಕೆ ಹಾಕಿದೆ. ಯಾಕೆ ಅಂತ ಅವತ್ತು ಹೇಳೋಕೆ ಆಗಲಿಲ್ಲ, ಇಲ್ಲಿ ಬರೀತಿದ್ದೇನೆ.

ಅಜ್ಜಿಯ ಊರು ಸಾಗರ ತಾಲ್ಲೂಕಿನ ಕರೂರು ಸೀಮೆಯಲ್ಲಿತ್ತು. ಈಗ ಅದು ಶರಾವತಿ ಹಿನ್ನೀರಿನ ತಳದಲ್ಲಿದೆ. ಶರಾವತಿಗೆ ಮೊದಲು ಕಟ್ಟಿದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಅದು ಮುಗಿದದ್ದು 1948ರಲ್ಲಿ. ಅದು ಸಾಲದೆ ಕೆಳಗಡೆ ಲಿಂಗನಮಕ್ಕಿ ಕಟ್ಟಿದರು. 1964ರಲ್ಲಿ ಅದು ಮುಗಿದಾಗ, ಹಳೇ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತು. ಕಡು ಬೇಸಿಗೆಯ ವರ್ಷ ನೀರು ಇಳಿದರೆ ಅದರ ಕಲ್ಲಿನ ಕಟ್ಟಡ ಇವತ್ತಿಗೂ ಎದ್ದು ಕಾಣುತ್ತೆ. ಮೊದಲನೇ ಕಟ್ಟೆಗೆ ಒಮ್ಮೆ, ಎರಡನೇದಕ್ಕೆ ಇನ್ನೊಮ್ಮೆ ಎದ್ದು ಹೋದ ಮನೆತನಗಳೂ ಆ ಕಡೆ ಇವೆ. ಲಿಂಗನಮಕ್ಕಿ ತುಂಬಿದರೆ ಸಮುದ್ರಮಟ್ಟದಿಂದ 1819 ಅಡಿ. ನಮ್ಮ ಕಡೆ ಮಳೆಗಾಲದಲ್ಲಿ ಮಕ್ಕಳಿಗೂ ಬಾಯಿಪಾಠ ಆಗಿರುವ ಲೆಕ್ಕ ಅದು. ಆ ಗೆರೆಗಿಂತ ಕೆಳಗಿದ್ದ ಮನೆ, ತೋಟ, ಗದ್ದೆ, ದೇವಸ್ಥಾನ ಯಾವುದೂ ಉಳಿಯಲಿಲ್ಲ.

ಅಜ್ಜಿ ಹೇಳುತ್ತಿದ್ದದ್ದು ನೀರಿನ ಕಥೆ ಅಲ್ಲ, ಸಾಮಾನಿನ ಕಥೆ. ಮೊದಲು ಹಂಚು ಇಳಿಸಿದರಂತೆ. ಆಮೇಲೆ ಜಂತಿ, ಪಕಾಸು, ಬಾಗಿಲು, ಬಾಗಿಲವಾಡ. ಮನೆಯನ್ನೇ ಬಿಚ್ಚಿ ಲಾರಿಗೆ ಹೇರಿದ್ದರು. ಹಂಡೆ, ಕೊಪ್ಪರಿಗೆ, ಬೀಸೋಕಲ್ಲು ಬಂದವು. ಒರಳು ನೆಲಕ್ಕೆ ಹೂತಿದ್ದರಿಂದ ಅಲ್ಲೇ ಉಳಿಯಿತು. ತುಳಸಿಕಟ್ಟೆ ಉಳಿಯಿತು. ಫಲಕ್ಕೆ ಬಂದ ಅಡಿಕೆ ಮರಗಳು ಗೊನೆ ಹೊತ್ತೇ ನಿಂತಿದ್ದವು. “ಮರಕ್ಕೆ ಗಂಟು ಕಟ್ಟಾಕೆ ಬರ್ತದನಾ ತಮಾ?” ಅಂತ ಅಜ್ಜಿ ಕೇಳೋರು. ಅಪ್ಪಯ್ಯನಿಗೆ ಆಗ ಎಂಟೊಂಬತ್ತು ವರ್ಷ. ತೋಟದಿಂದ ಬಂದದ್ದು ಒಂದೇ, ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಈ ಅಡಕತ್ತರಿ.

ಲಾರಿ ಇಳಿಸಿದ್ದು ಶಿವಮೊಗ್ಗ ತಾಲ್ಲೂಕಿನ ಕಾಡಿನ ಅಂಚಿನಲ್ಲಿ. ಮಳೆ ಕಡಿಮೆ, ಮಣ್ಣು ಬೇರೆ, ಅಡಿಕೆ ತೋಟ ಎಬ್ಬಿಸೋಕೆ ಇಪ್ಪತ್ತು ವರ್ಷ ಹಿಡಿಯಿತು. ಆ ಕಡೆಯ ಜನರ ಈ ಬದುಕನ್ನು ಸಾಗರದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು, ಬಹಳ ಜನ ನೋಡಿರುತ್ತೀರಿ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ನಾನು ಬೆಂಗಳೂರಿನಲ್ಲಿ ಓದಿದ್ದು ಆ ಕರೆಂಟಿನ ದೀಪದಲ್ಲೇ. ಹಾಗಾಗಿ ಅಣೆಕಟ್ಟನ್ನು ಬೈಯೋಕೆ ನನಗೆ ಬಾಯಿ ಬರೋಲ್ಲ. ಆದರೆ ಅಜ್ಜಿಯ ಗಂಟಿನಲ್ಲಿ ಇರಬೇಕಾಗಿದ್ದ ಒಂದು ವಸ್ತು ಕೊನೆಗೂ ಬರಲಿಲ್ಲ. ಅದು ಹೊಸ ನೆಲದ ಹಕ್ಕುಪತ್ರ.

ಕೊಟ್ಟ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯದ ಪಟ್ಟಿಯಿಂದ ನೆಲವನ್ನು ಬಿಡಿಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ನಮ್ಮಂಥ ಎಷ್ಟೋ ಮನೆಗಳ ಕಡತ ಈ ಎರಡರ ನಡುವೆ ಸಿಕ್ಕಿಕೊಂಡಿತು. ಅರವತ್ತು ವರ್ಷ ಕಳೆದರೂ ಮುಳುಗಡೆ ಸಂತ್ರಸ್ತರು ಅನ್ನೋ ಹೆಸರು ಮೊಮ್ಮಕ್ಕಳಿಗೂ ಅಂಟಿಕೊಂಡೇ ಇದೆ.

ಈಗ ನಾನು ಬಂದು ಸೇರಿದ ನೆಲದ ಮಾತು. ವಿಂಡಮ್ ವೇಲ್ ಅಂದರೆ ನಮಗೆ 2015ರಲ್ಲಿ ಶುರುವಾದ ರೈಲು ನಿಲ್ದಾಣ, ಹೊಸ ಬಡಾವಣೆ, ಒಂದೇ ಥರದ ಮನೆ. 2021ರ ಜನಗಣತಿಯಲ್ಲಿ ವಿಂಡಮ್ ನಗರಾಡಳಿತದ ವ್ಯಾಪ್ತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರ ಪೈಕಿ ಭಾರತದವರೇ ಎಲ್ಲರಿಗಿಂತ ಹೆಚ್ಚು. ಎಲ್ಲ ಹೊಸತು ಅನ್ನಿಸುತ್ತೆ, ಆದರೆ ನೆಲ ಹೊಸತಲ್ಲ. ವೆರಿಬೀ ನದಿಯ ಪಶ್ಚಿಮದ ಈ ಬಯಲು ವದವುರಂಗ್ ಜನರದ್ದು. ಋತುವಿಗೆ ತಕ್ಕಂತೆ ಜಾಗ ಬದಲಿಸುತ್ತಿದ್ದ ಅವರೂ ಸಾಮಾನು ಕಟ್ಟುವುದರಲ್ಲಿ ಪಳಗಿದವರೇ. ಪಾಸಮ್ ಚರ್ಮದ ಹೊದಿಕೆ, ಹುಲ್ಲಿನ ಬುಟ್ಟಿ, ಹೆಂಗಸರ ಕೈಯಲ್ಲಿ ಗೆಡ್ಡೆ ಅಗೆಯುವ ಕೋಲು. ಹೊರಲಾಗದ್ದನ್ನೂ ಅವರು ಬಿಟ್ಟುಹೋಗಿದ್ದಾರೆ. ಇಲ್ಲಿಗೆ ಹತ್ತಿರದ ಲಿಟಲ್ ರಿವರ್ ಕಡೆ ವರ್ಡಿ ಯುವಾಂಗ್ ಅನ್ನುವಲ್ಲಿ ಸುಮಾರು ನೂರು ಕರಿಕಲ್ಲುಗಳನ್ನು ಮೊಟ್ಟೆಯಾಕಾರದಲ್ಲಿ ಜೋಡಿಸಿದ್ದಾರೆ.

1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬಾತ ಈ ಕೊಲ್ಲಿಯ ಸುತ್ತಲಿನ ಸುಮಾರು ಆರು ಲಕ್ಷ ಎಕರೆಯನ್ನು ಕೊಂಡೆ ಅಂತ ಪತ್ರ ಮಾಡಿಸಿದ. ಬದಲಿಗೆ ಕೊಟ್ಟದ್ದು ಕಂಬಳಿ, ಚಾಕು, ಕೊಡಲಿ, ಕನ್ನಡಿ, ಕತ್ತರಿ, ಕರವಸ್ತ್ರ, ಹಿಟ್ಟು. ಪಟ್ಟಿ ಓದಿದರೆ ನಮ್ಮ ಲಾರಿಯವನು ಬರೆದುಕೊಂಡ ಸಾಮಾನಿನ ಚೀಟಿ ನೆನಪಾಗುತ್ತೆ. ಅದೇ ವರ್ಷ ಸಿಡ್ನಿಯಲ್ಲಿದ್ದ ಗವರ್ನರ್ ಬರ್ಕ್ ಆ ಪತ್ರ ನಡೆಯೋದಿಲ್ಲ ಅಂತ ಘೋಷಿಸಿದ. ನೆಲ ಅದರ ಜನರದ್ದು ಅನ್ನೋ ಕಾರಣಕ್ಕಲ್ಲ, ಎಲ್ಲವೂ ಬ್ರಿಟಿಷ್ ರಾಜನದ್ದು, ಬೇರೆ ಯಾರೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ ಅನ್ನೋ ಕಾರಣಕ್ಕೆ. ಆಮೇಲೆ ಕುರಿಗಳು ಬಂದವು. ಈ ಜನ ತಿನ್ನುತ್ತಿದ್ದ ಮುರ್ನಾಂಗ್ ಗೆಡ್ಡೆಯ ಗಿಡಗಳನ್ನು ಮೇದು ಮುಗಿಸಿದವು. ಸ್ಕಾಟ್ಲೆಂಡಿನಿಂದ ಬಂದ ಚರ್ನ್‌ಸೈಡ್ ಸೋದರರು ಕುರಿ ಸಾಕಿ ಶ್ರೀಮಂತರಾಗಿ 1870ರ ದಶಕದಲ್ಲಿ ವೆರಿಬೀ ಪಾರ್ಕ್ ಬಂಗಲೆ ಕಟ್ಟಿಸಿದರು. ಶಾಲೆಗೆ ರಜ ಬಂದಾಗ ನಾವೆಲ್ಲ ಮಕ್ಕಳನ್ನು ಕರಕೊಂಡು ಹೋಗೋದು ಅಲ್ಲಿಗೇ. 1920ರ ದಶಕದಲ್ಲಿ ಇಟಲಿಯವರು ಬಂದು ವೆರಿಬೀ ಸೌತ್‌ನಲ್ಲಿ ಕೋಸು, ಹೂಕೋಸು ಬೆಳೆದರು. ಬಿಳಿಯರಲ್ಲದವರನ್ನು ಹೊರಗಿಡಲು 1901ರಲ್ಲಿ ಮಾಡಿದ ಕಾನೂನಿನಿಂದಾಗಿ ಆಗ ನಮ್ಮಂಥವರಿಗೆ ಇಲ್ಲಿ ಗಂಟು ಇಳಿಸೋಕೇ ಬಿಡುತ್ತಿರಲಿಲ್ಲ. ಆ ನೀತಿ ಪೂರ್ತಿ ಹೋದದ್ದು 1973ರಲ್ಲಿ. ನಮ್ಮ ಸರದಿ ಬಂದದ್ದು ಹಾಗೆ.

ಮನೆ ನಮ್ಮ ಹೆಸರಿಗೆ ಆದ ದಿನ ವಕೀಲರ ಕಚೇರಿಯಿಂದ ಒಂದು ಇಮೇಲ್ ಬಂತು, ಅಷ್ಟೇ. ಇಲ್ಲಿಯ ಪದ್ಧತಿಗೆ ಟೊರೆನ್ಸ್ ಟೈಟಲ್ ಅಂತಾರೆ. ರಾಬರ್ಟ್ ಟೊರೆನ್ಸ್ 1858ರಲ್ಲಿ ಸೌತ್ ಆಸ್ಟ್ರೇಲಿಯಾದಲ್ಲಿ ತಂದದ್ದು, ವಿಕ್ಟೋರಿಯಾಕ್ಕೆ 1862ರಲ್ಲಿ ಬಂತು. ಅಜ್ಜನ ಕ್ರಯಪತ್ರ, ಮುತ್ತಜ್ಜನ ಕರಾರು ಯಾವುದೂ ಹುಡುಕಬೇಕಿಲ್ಲ. ಸರ್ಕಾರದ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. ಸಾಲ ಬ್ಯಾಂಕಿನದ್ದಾದರೂ ಹೆಸರು ನಮ್ಮದು. ಆದರೆ ಆ ದಾಖಲೆಯ ಮೊದಲ ಸಾಲಿನಲ್ಲಿ ವದವುರಂಗ್ ಜನರ ಹೆಸರಿಲ್ಲ. ಅದು ಸರ್ಕಾರ ಮಾರಿದಲ್ಲಿಂದ ಶುರುವಾಗುತ್ತೆ.

ಸಂತೋಷಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೆ ಮಂಡಿನೋವು, ಒಬ್ಬಳೇ ಇರ್ತಾಳೆ. ಶಿವಮೊಗ್ಗ ಪೇಟೆಯಲ್ಲಿರುವ ಅಕ್ಕನ ಮನೆಗೆ ಹೋಗಿ ಇರು ಅಂತ ಎರಡು ವರ್ಷದಿಂದ ಹೇಳುತ್ತಿದ್ದೆ. ಅವತ್ತೂ ಹೇಳಿದೆ. “ಸಾಮಾನು ನಾನೇ ಬಂದು ಕಟ್ಟಿಕೊಡ್ತೀನಿ ಕಣಮ್ಮ, ಅದೇ ನನ್ನ ಕೆಲಸ” ಅಂದೆ.

“ನಿಂಗೆ ಕಾಗದ ಸಿಕ್ತಲ್ಲ, ಒಳ್ಳೇದಾತು ತಮಾ,” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲಿ ಕಾಗದ ಇಲ್ಲ. ನಾನು ಕೂತಿದೀನಲ್ಲ, ಅದೇ ಕಾಗದ. ಎದ್ದು ಹೋದರೆ ಯಾರ ಮನೆ ಅಂತ ಹೇಳೋರು ಯಾರು?” ಅಂದಳು.

ಎರಡು ವರ್ಷ ನಾನು ಅದನ್ನು ಹಟ ಅಂದುಕೊಂಡಿದ್ದೆ. ಜಗತ್ತಿನ ಸಾಮಾನನ್ನೆಲ್ಲ ಪ್ಯಾಕ್ ಮಾಡೋನಿಗೆ ಅಮ್ಮ ಯಾಕೆ ಒಂದು ಚೀಲವನ್ನೂ ಕಟ್ಟುತ್ತಿಲ್ಲ ಅನ್ನೋದು ಹೊಳೆದಿರಲಿಲ್ಲ. ನಮ್ಮಲ್ಲಿ ಮನೆ ಬದಲಿಸೋದು ಅಂದರೆ ಡಬ್ಬ, ಟೇಪು, ಲಾರಿ. ಬೇಕಾದರೆ ಹೋಗ್ತೀವಿ, ಬೇಡವಾದರೆ ಇರ್ತೀವಿ. ಅಜ್ಜಿಗೆ ಇರುವ ಆಯ್ಕೆ ಇರಲಿಲ್ಲ, ಅಮ್ಮನಿಗೆ ಹೋಗುವ ಆಯ್ಕೆ ಇಲ್ಲ. ಇದೇ ನೆಲದ ಮೊದಲ ಜನಕ್ಕಂತೂ ಎರಡೂ ಇರಲಿಲ್ಲ. ಯಾರು ಏನು ಕಟ್ಟಿಕೊಂಡು ಹೋದರು ಅನ್ನೋದರ ಜೊತೆಗೆ, ಎದ್ದು ಹೋಗಿ ಅಂತ ಯಾರು ಹೇಳಿದರು ಅನ್ನೋದನ್ನೂ ನಾವು ಕೇಳಬೇಕು.

ಸ್ನೇಹಿತರೇ, ನಿಮ್ಮಲ್ಲೂ ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆ ಬಿಟ್ಟವರ ಮಕ್ಕಳಿದ್ದೀರಿ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅಪ್ಪ ಅಮ್ಮನನ್ನು ಕೇಳಿ: ಅವತ್ತು ಏನು ತಂದಿರಿ, ಏನು ಬಿಟ್ಟಿರಿ, ಕೈಗೆ ಯಾವ ಕಾಗದ ಬಂತು? ಅವರು ಹೇಳಿದ್ದನ್ನು ಬರೆದಿಡಿ. ಕಚೇರಿಯವರಿಗೆ ಬೇಕಾಗದಿದ್ದರೂ ನಮ್ಮ ಮಕ್ಕಳಿಗೆ ಬೇಕಾಗುತ್ತೆ.

ಹೊಸ ಮನೆಯಲ್ಲಿ ಹಾಲು ಉಕ್ಕಿಸಿದೆವು. ಹೊಗೆ ಅಲಾರಂ ಕೂಗಿಕೊಂಡಿತು, ಮಕ್ಕಳು ನಕ್ಕರು. ಅಡಕತ್ತರಿ ಈಗ ಅಡುಗೆಮನೆಯ ಕಿಟಕಿಯ ಹತ್ತಿರ ಇದೆ. ನನ್ನವಳೇ ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದಾಳೆ. ಬರುವ ಡಿಸೆಂಬರಿಗೆ ಊರಿಗೆ ಟಿಕೆಟ್ ಮಾಡಿಸಿದ್ದೇನೆ. ಸಾಮಾನು ಕಟ್ಟಲು ಅಲ್ಲ, ಅಪ್ಪಯ್ಯನ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಕಂದಾಯದ ರಸೀದಿ, ಅರ್ಜಿಯ ನಕಲುಗಳನ್ನು ವರ್ಷವಾರು ಜೋಡಿಸಿ, ಅಮ್ಮನ ಜೊತೆ ಇನ್ನೊಂದು ಸಲ ಕಚೇರಿಗೆ ಹೋಗಲು.